ಕಂಪವಾತದವರ ಸಮ್ಮೇಳನ

ಸಮ್ಮೇಳನವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಹೊರನಾಡಿನಲ್ಲಿ ನೆಲಸಿರುವ ನಾವು ನಾಲ್ಕು ಜನ ಸೇರಿದರೆ ಒಂದು ಸಂಘ, ನಾಲ್ಕು ಸಂಘ ಸೇರಿದರೆ ಒಂದು ಸಮ್ಮೇಳನ ಎಂದು ನೆರೆಯವರು ನಗುವುದೂ ಉಂಟು. ಸಾಹಿತಿಗಳು ಸಮ್ಮೇಳನ ನಡೆಸುತ್ತಾರೆ. ವೈದ್ಯರು, ವ್ಯಾಪಾರಿಗಳು, ನೌಕರರು ನಡೆಸುತ್ತಾರೆ. ಆದರೆ ಒಂದೇ ಕಾಯಿಲೆ ಇರುವವರೆಲ್ಲ ಒಂದೆಡೆ ಕಲೆತು ಸಮ್ಮೇಳನ ನಡೆಸುತ್ತಾರೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. “ಕಾಯಿಲೆಯವರು ಮನೆಯಲ್ಲಿ ಮಲಗಬೇಕು, ಅವರಿಗೆ ಸಭೆಯೇಕೆ, ಭಾಷಣವೇಕೆ?” ಎಂದು ನಮ್ಮ ವಾಚನಾಲಯದಲ್ಲಿಯೇ ಕೇಳಿದವರಿದ್ದಾರೆ. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ನಾವು ಹೇಳಹೊರಟಿರುವುದು ಪಾರ್ಕಿನ್ಸನ್ ಎಂಬ ಕಾಯಿಲೆಯ ವಿಷಯ. ನಮ್ಮ ಹಿರಿಯರು ಕಂಪವಾತವೆಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಇದನ್ನೇ.

ಕಾಯಿಲೆಯ ಪರಿಚಯ

ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನಿದ್ದ. ೧೭೫೫ನೆಯ ಇಸವಿ ಏಪ್ರಿಲ್ ೧೧ರಂದು ಹುಟ್ಟಿದವನು. ೧೮೧೭ರಲ್ಲಿ ಅವನು ‘ನಡುಗುವ ವಾಯು’ವಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಆರು ಜನರ ವಿವರವಿದೆ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ನೋಡಿದ್ದಷ್ಟೆ. ನಡೆಯುವ ರೀತಿ, ಬಾಗಿದ ಬೆನ್ನು, ನಡುಗುವ ಕೈ, ಇಷ್ಟನ್ನು ಕಣ್ಣಿಟ್ಟು ನೋಡಿಯೇ ಇದು ಬೇರೆಯೇ ಒಂದು ರೋಗವೆಂದು ಅವನು ಗುರುತಿಸಿದ. ಮುಂದೆ ಫ್ರಾನ್ಸಿನ ಪ್ರಸಿದ್ಧ ವೈದ್ಯ ಶಾರ್ಕೋ ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟ. ಆತನ ಹುಟ್ಟಿದ ದಿನವಾದ ಏಪ್ರಿಲ್ ೧೧ ಈಗ ವಿಶ್ವ ಪಾರ್ಕಿನ್ಸನ್ ದಿನ. ನಮ್ಮ ನಗರಗಳಲ್ಲಿ ಈ ಕಾಯಿಲೆಯವರ ಕೂಟಗಳು ಹೆಚ್ಚಾಗಿ ನಡೆಯುವುದು ಆ ದಿನದ ಆಸುಪಾಸಿನಲ್ಲಿ.

ಮೆದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಪ್ರದೇಶವಿದೆ. ಅಲ್ಲಿಯ ಜೀವಕೋಶಗಳು ಡೋಪಮೀನ್ ಎಂಬ ರಸವನ್ನು ಉತ್ಪತ್ತಿ ಮಾಡುತ್ತವೆ. ಕೈಕಾಲುಗಳ ಚಲನೆ ಸಲೀಸಾಗಿ ಸಾಗಬೇಕಾದರೆ ಈ ರಸ ಬೇಕು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಎಂದುಕೊಳ್ಳಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆ ಕೋಶಗಳು ಒಂದೊಂದಾಗಿ ನಾಶವಾಗುತ್ತ ಹೋಗುತ್ತವೆ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಹೋಗಿರುತ್ತವೆ. ಹೀಗೇಕೆ ಆಗುತ್ತದೆಂಬುದು ಹೆಚ್ಚಿನ ರೋಗಿಗಳ ವಿಷಯದಲ್ಲಿ ಇನ್ನೂ ಖಚಿತವಾಗಿ ತಿಳಿದಿಲ್ಲ. ಇದು ಅಂಟುವ ರೋಗವಲ್ಲ. ಯಾರ ಪಾಪದ ಫಲವೂ ಅಲ್ಲ.

ಕೈ ಸುಮ್ಮನಿರುವಾಗ ನಡುಗುವುದು, ಅಂಗಗಳು ಬಿಗಿಯುವುದು, ಎಲ್ಲ ಕೆಲಸವೂ ನಿಧಾನವಾಗುವುದು, ಮುಂದೆ ಆಯ ತಪ್ಪುವುದು, ಇವು ಮುಖ್ಯ ಲಕ್ಷಣಗಳು. ನಡುಕ ಎಲ್ಲರಿಗೂ ಇರುವುದಿಲ್ಲ. ನಡುಗಿದ ಕೈಯೆಲ್ಲ ಪಾರ್ಕಿನ್ಸನ್ ಕೂಡ ಅಲ್ಲ. ಇವುಗಳಿಗೆ ವರ್ಷಗಳ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಮುಂತಾದವು ಬರಬಹುದು. ಮುಖದ ಭಾವ ಕುಂದುತ್ತದೆ, ದನಿ ಇಳಿಯುತ್ತದೆ. ನಮ್ಮ ಗುಮಾಸ್ತ ಮಿತ್ರರು ಗಮನಿಸಬೇಕಾದ ಇನ್ನೊಂದು ಗುರುತು ಉಂಟು: ಅಕ್ಷರ ಸಣ್ಣದಾಗುತ್ತ ಹೋಗುತ್ತದೆ. ಸಾಲಿನ ಮೊದಲಲ್ಲಿ ಸರಿಯಾಗಿದ್ದ ಬರಹ ಕೊನೆಗೆ ಬರುವಷ್ಟರಲ್ಲಿ ಇರುವೆಯ ಸಾಲಿನಂತಾಗುತ್ತದೆ. ಬ್ಯಾಂಕಿನಲ್ಲಿ ರುಜು ಹೊಂದುವುದಿಲ್ಲವೆಂದು ಚೆಕ್ಕು ಹಿಂದಕ್ಕೆ ಬಂದ ಮೇಲೆಯೇ ಎಷ್ಟೋ ಜನ ವೈದ್ಯರ ಬಳಿಗೆ ಹೋಗುತ್ತಾರೆ.

ಇದು ವಿರಳವಾದ ಕಾಯಿಲೆಯೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೧೯ರಲ್ಲಿ ಪ್ರಪಂಚದಲ್ಲಿ ೮೫ ಲಕ್ಷಕ್ಕೂ ಹೆಚ್ಚು ಜನ ಇದರೊಡನೆ ಬಾಳುತ್ತಿದ್ದರು. ಮುದುಕರಿಗೆ ಮಾತ್ರ ಬರುವುದೆಂಬುದೂ ಸುಳ್ಳು. ಅಮೆರಿಕದ ಚಿತ್ರನಟ ಮೈಕಲ್ ಜೆ. ಫಾಕ್ಸ್ ಅವರಿಗೆ ೧೯೯೧ರಲ್ಲಿ ಕಾಯಿಲೆ ಗೊತ್ತಾದಾಗ ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಏಳು ವರ್ಷ ಅದನ್ನು ಮುಚ್ಚಿಟ್ಟು ೧೯೯೮ರಲ್ಲಿ ಅವರು ಬಹಿರಂಗಪಡಿಸಿದರು. ಮುಷ್ಟಿಯುದ್ಧದ ಮಹಾವೀರ ಮಹಮ್ಮದಾಲಿ ೧೯೯೬ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿಯನ್ನು ನಡುಗುವ ಕೈಯಿಂದಲೇ ಬೆಳಗಿಸಿದರು.

ಔಷಧದ ಕಥೆ

ಸಮ್ಮೇಳನದಲ್ಲಿ ಹೆಚ್ಚು ಕಿವಿಗೆ ಬೀಳುವ ಹೆಸರು ಲೆವೊಡೋಪಾ. ಇದರ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ.

ನಮ್ಮ ಹಳ್ಳಿಯ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯನ್ನು ಅರಿಯದವರಾರು? ಅದರ ಬೀಜದಲ್ಲಿ ಲೆವೊಡೋಪಾ ಇದೆಯೆಂಬುದನ್ನು, ಅದನ್ನು ಬೇರ್ಪಡಿಸಿ, ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳಿಬ್ಬರು ೧೯೩೭ರಲ್ಲಿ ಪ್ರಕಟಿಸಿದರು. ಅದು ಯಾವ ಕಾಯಿಲೆಗೆ ಬಂದೀತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪೀನ್ ಎಂಬ ಮದ್ದು ಕೊಟ್ಟರು. ಇದೂ ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದೆ. ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಅನಂತರ ಅವಕ್ಕೆ ಡೋಪಾ ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು! ಮೆದುಳಿನಲ್ಲಿ ಡೋಪಮೀನಿಗೆ ತನ್ನದೇ ಆದ ಕೆಲಸ ಇದೆಯೆಂಬುದು ಹೀಗೆ ತಿಳಿಯಿತು. ಈ ಕೆಲಸಕ್ಕಾಗಿ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ಬಂದಿತು. ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೀನ್ ಕಡಮೆಯಾಗಿರುತ್ತದೆಂದು ವಿಯೆನ್ನಾದ ಹಾರ್ನಿಕೀವಿಚ್ ೧೯೬೦ರಲ್ಲಿ ತೋರಿಸಿಕೊಟ್ಟರು. ೧೯೬೭ರಲ್ಲಿ ಅಮೆರಿಕದಲ್ಲಿ ಕೊಟ್ಸಿಯಾಸ್ ಎಂಬ ವೈದ್ಯರು ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಾಯಿಯ ಮೂಲಕ ಕೊಟ್ಟು ಗುಣ ಕಂಡರು. ಇಂದಿಗೂ ಇದಕ್ಕಿಂತ ಮೇಲಾದ ಮಾತ್ರೆ ಬಂದಿಲ್ಲ.

ಆದರೆ ಈ ಮಾತ್ರೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಇಲ್ಲದ ರಸವನ್ನು ಕೆಲವು ಗಂಟೆಗಳ ಕಾಲ ಒದಗಿಸಿಕೊಡುತ್ತದೆ, ಅಷ್ಟೆ. ವರ್ಷಗಳು ಕಳೆದಂತೆ ಅದರ ಪರಿಣಾಮದ ಅವಧಿ ಮೊಟಕಾಗುತ್ತದೆ. ಹತ್ತು ಗಂಟೆಗೆ ತಾನಾಗಿ ನಡೆದು ಬಂದವರು ಹನ್ನೆರಡಕ್ಕೆ ಕುರ್ಚಿಯಿಂದ ಏಳಲಾರದೆ ಕುಳಿತಿರುತ್ತಾರೆ. ಮತ್ತೊಂದು ಮಾತ್ರೆ ನುಂಗಿ ಮುಕ್ಕಾಲು ಗಂಟೆ ಕಳೆದರೆ ಮತ್ತೆ ನಡೆಯುತ್ತಾರೆ. ಇದನ್ನು ಅರಿಯದ ಮನೆಯವರು “ಈಗ ತಾನೆ ಚೆನ್ನಾಗಿದ್ದಿರಲ್ಲ, ಇದು ಸೋಗು” ಎನ್ನುತ್ತಾರೆ. ಇದು ಸೋಗಲ್ಲ, ಕಾಯಿಲೆಯ ಸ್ವಭಾವ. ಈ ಒಂದು ಮಾತು ಮನೆಯವರಿಗೆ ಮನದಟ್ಟಾದರೂ ಸಮ್ಮೇಳನಕ್ಕೆ ಹೋದದ್ದು ಸಾರ್ಥಕ.

ವಿಶ್ವ ಸಮ್ಮೇಳನ

ವೈದ್ಯರು ವೈದ್ಯರಿಗಾಗಿ ನಡೆಸುವ ಸಮ್ಮೇಳನಗಳು ಹಿಂದಿನಿಂದಲೂ ಇದ್ದವು. ಅಲ್ಲಿ ರೋಗಿ ಎಂದರೆ ಪರದೆಯ ಮೇಲೆ ತೋರಿಸುವ ಒಂದು ಚಿತ್ರ, ಆತನಿಗೆ ಕುರ್ಚಿಯಿರಲಿಲ್ಲ. ರೋಗಿಗಳು, ಅವರನ್ನು ನೋಡಿಕೊಳ್ಳುವವರು, ವೈದ್ಯರು, ದಾದಿಯರು, ಪ್ರಯೋಗಶಾಲೆಯ ವಿಜ್ಞಾನಿಗಳು, ಎಲ್ಲರೂ ಒಂದೇ ಚಪ್ಪರದಡಿ ಕೂಡಬೇಕೆಂಬ ಭಾವನೆಯಿಂದ ವಿಶ್ವ ಪಾರ್ಕಿನ್ಸನ್ ಸಮ್ಮೇಳನ ಹುಟ್ಟಿತು. ಮೊದಲನೆಯದು ೨೦೦೬ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆಯಿತು. ಅನಂತರ ೨೦೧೦ರಲ್ಲಿ ಗ್ಲಾಸ್ಗೊ, ೨೦೧೩ರಲ್ಲಿ ಮಾಂಟ್ರಿಯಲ್, ೨೦೧೬ರಲ್ಲಿ ಪೋರ್ಟ್‌ಲೆಂಡ್, ೨೦೧೯ರಲ್ಲಿ ಜಪಾನಿನ ಕ್ಯೋಟೊ. ಏಷ್ಯಾ ಖಂಡಕ್ಕೆ ಅದು ಬಂದದ್ದು ಕ್ಯೋಟೊದಲ್ಲಿಯೇ ಮೊದಲು. ೨೦೨೨ರಲ್ಲಿ ನಡೆಯಬೇಕಾಗಿದ್ದ ಆರನೆಯದು ಕೋವಿಡ್ ಮಾರಿಯ ಕಾರಣ ಒಂದು ವರ್ಷ ಮುಂದಕ್ಕೆ ಹೋಗಿ ೨೦೨೩ರ ಜುಲೈಯಲ್ಲಿ ಬಾರ್ಸಿಲೋನಾದಲ್ಲಿ ನಡೆಯಿತು. ಏಳನೆಯದಕ್ಕೆ ಗೊತ್ತುಮಾಡಿದ ಊರು ಅಮೆರಿಕದ ಫೀನಿಕ್ಸ್, ವರ್ಷ ೨೦೨೬.

ಅಲ್ಲಿ ಒಂದು ಕೋಣೆಯಲ್ಲಿ ಮೆದುಳಿನ ಕೋಶಗಳ ಬಗ್ಗೆ ಗಹನವಾದ ಉಪನ್ಯಾಸವಾದರೆ ಇನ್ನೊಂದರಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವಂಥ ದಿನನಿತ್ಯದ ಪ್ರಶ್ನೆಗಳ ಚರ್ಚೆ. ದಣಿದವರು ಒರಗಿಕೊಳ್ಳಲು, ನೋಡಿಕೊಳ್ಳುವವರು ತಮ್ಮ ಪಾಡಿಗೆ ಕುಳಿತು ಮಾತನಾಡಲು ಬೇರೆ ಬೇರೆ ಸ್ಥಳಗಳನ್ನು ಮಾಡಿರುತ್ತಾರೆ. ರೋಗಿಗಳೂ ವೇದಿಕೆಯ ಮೇಲೆ ನಿಂತು ಮಾತನಾಡುತ್ತಾರೆ. ಗ್ಲಾಸ್ಗೊ ಸಮ್ಮೇಳನದಲ್ಲಿ ಒಂದು ಅಪೂರ್ವ ವಸ್ತುವನ್ನಿಟ್ಟಿದ್ದರು. ನಮ್ಮ ಧಾರವಾಡ, ಬಿಜಾಪುರದ ಕಡೆ ತಾಯಂದಿರು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದಿಲ್ಲವೆ? ಅದೇ ರೀತಿ ನಾನಾ ದೇಶಗಳ ರೋಗಿಗಳೂ ಅವರ ಮನೆಯವರೂ ಹೊಲಿದು ಕಳುಹಿಸಿದ ನೂರಾರು ಚೌಕಗಳನ್ನು ಜೋಡಿಸಿ ಮಾಡಿದ ಬೃಹತ್ತಾದ ಕೌದಿ ಅದು. ನಡುಗುವ ಕೈಯಿಂದ ಸೂಜಿಗೆ ದಾರ ಪೋಣಿಸುವುದೆಂದರೇನೆಂದು ಬಲ್ಲವರು ಅದರ ಬೆಲೆಯನ್ನು ಅರಿಯಬಲ್ಲರು.

ಈ ಸಮುದಾಯದ ಗುರುತು ಕೆಂಪು ಟ್ಯುಲಿಪ್ ಹೂವು. ಹಾಲೆಂಡಿನ ಹೂಬೆಳೆಗಾರನೊಬ್ಬ, ತಾನೇ ಈ ಕಾಯಿಲೆಯವನು, ತಾನು ಬೆಳೆಸಿದ ಹೊಸ ಜಾತಿಯ ಕೆಂಪು ಬಿಳಿ ಹೂವಿಗೆ ೧೯೮೧ರಲ್ಲಿ ಡಾ. ಜೇಮ್ಸ್ ಪಾರ್ಕಿನ್ಸನ್ನನ ಹೆಸರಿಟ್ಟನು. ೨೦೦೫ರಲ್ಲಿ ಲಕ್ಸೆಂಬರ್ಗಿನಲ್ಲಿ ನಡೆದ ಸಭೆಯಲ್ಲಿ ಅದನ್ನು ಎಲ್ಲರ ಗುರುತಾಗಿ ಅಂಗೀಕರಿಸಿದರು.

ನಮ್ಮಂಥವರಿಗೆ ಬಾರ್ಸಿಲೋನಾ ದೂರದ ಮಾತು. ಪ್ರಯಾಣಕ್ಕೆ ಆಯ್ದ ಕೆಲವರಿಗೆ ಸಹಾಯಧನ ಕೊಡುವ ಕ್ರಮ ಆ ಸಮ್ಮೇಳನದಲ್ಲಿ ಇದೆಯಾದರೂ ಎಲ್ಲರಿಗೂ ಅದು ಸಿಗುವಂತಿಲ್ಲ. ಸಂತೋಷದ ಸಂಗತಿಯೆಂದರೆ ಅದೇ ಬಗೆಯ ಸಣ್ಣ ಕೂಟಗಳು ನಮ್ಮ ಕೈಗೆಟಕುವಲ್ಲಿಯೇ ನಡೆಯುತ್ತವೆ. ಮುಂಬಯಿಯಲ್ಲಿ ೨೦೦೧ರಲ್ಲಿ ಹುಟ್ಟಿದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಹಲವು ಊರುಗಳಲ್ಲಿ ರೋಗಿಗಳ ಬಳಗಗಳನ್ನು ನಡೆಸುತ್ತಿದೆ. ಪುಣೆಯಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳ ಎಂಬ ಸ್ವಸಹಾಯ ಬಳಗವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇರುವುದನ್ನು ಊರಿಗೆ ಹೋಗಿಬರುವ ನಮ್ಮವರೆಲ್ಲ ಬಲ್ಲರು.

ಒಂದು ದಿನದ ಕೂಟ

ನಮ್ಮ ಸದಸ್ಯರಲ್ಲೊಬ್ಬರು ಖಾಸಗಿ ಕಂಪನಿಯಲ್ಲಿ ಲೆಕ್ಕದ ಗುಮಾಸ್ತರು, ಐವತ್ತೆರಡರ ಪ್ರಾಯ. ವಾಚನಾಲಯಕ್ಕೆ ಬಂದಾಗ ಬಲಗೈಯನ್ನು ಸದಾ ಷರಾಯಿಯ ಜೇಬಿನಲ್ಲಿಟ್ಟುಕೊಂಡು ಎಡಗೈಯಿಂದಲೇ ಪತ್ರಿಕೆಯ ಹಾಳೆ ತಿರುವುತ್ತಿದ್ದರು. ಅದೊಂದು ಅಭ್ಯಾಸವೆಂದೇ ನಾವೆಲ್ಲ ತಿಳಿದಿದ್ದೆವು. ಕಾಯಿಲೆ ಗೊತ್ತಾಗಿ ಎರಡು ವರ್ಷವಾಗಿದ್ದರೂ ಪತ್ನಿಯ ಹೊರತು ಯಾರಿಗೂ ಅವರು ಹೇಳಿರಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ನಗರದಲ್ಲಿ ಒಂದು ದಿನದ ಕೂಟವೊಂದಿದೆಯೆಂದು ತಿಳಿದು, ಒಬ್ಬರೇ ಹೋಗಲು ಧೈರ್ಯವಾಗದೆ, ನಮ್ಮನ್ನು ಕರೆದರು. ದಂಪತಿಗಳೊಡನೆ ನಾವಿಬ್ಬರು ಹೋದೆವು.

ಸಭಾಗೃಹದಲ್ಲಿ ಕುರ್ಚಿಗಳ ನಡುವೆ ಅಗಲವಾದ ದಾರಿ ಬಿಟ್ಟಿದ್ದರು. ಬಾಗಿಲಿನ ಬಳಿ ನೆಲದ ಮೇಲೆ ಹೆಜ್ಜೆಗೊಂದರಂತೆ ಬಣ್ಣದ ಪಟ್ಟಿ ಅಂಟಿಸಿದ್ದರು. ಅದೇನೆಂದು ವಿಚಾರಿಸಿದೆವು. ಈ ಕಾಯಿಲೆಯವರಿಗೆ ಬಾಗಿಲು, ತಿರುವು, ಇಕ್ಕಟ್ಟಾದ ಜಾಗ ಬಂದಾಗ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುತ್ತದೆಯಂತೆ. ಆಗ ತೋಳು ಹಿಡಿದು ಎಳೆದರೆ ಬಿದ್ದಾರು. ಅಡ್ಡವಾಗಿ ಒಂದು ಗೆರೆ ಕಂಡರೆ ಅದನ್ನು ದಾಟುವ ನೆಪದಲ್ಲಿ ಕಾಲು ತಾನಾಗಿ ಏಳುತ್ತದೆ. ಗೆರೆಯಿಲ್ಲದಿದ್ದರೆ “ಒಂದು, ಎರಡು” ಎಂದು ಎಣಿಸಬಹುದು. ಜೊತೆಯವರು ತಮ್ಮ ಪಾದವನ್ನೇ ಮುಂದೆ ಅಡ್ಡವಿಟ್ಟು “ಇದನ್ನು ದಾಟಿ” ಎನ್ನಬಹುದು. ಲೋಕಲ್ ಗಾಡಿಯ ಬಾಗಿಲಲ್ಲಿ ಹಿಂದಿನವರು ತಳ್ಳುತ್ತಿರುವಾಗ ಕಾಲು ಕಚ್ಚಿಕೊಂಡು ನಿಂತವರನ್ನು ನಾವೂ ನೋಡಿದ್ದೇವೆ, ಬೈಗುಳ ಕೇಳಿದ್ದೇವೆ. ಅವರಲ್ಲಿ ಕೆಲವರಾದರೂ ಇಂಥವರಿದ್ದಿರಬೇಕೆಂದು ಅಂದು ನಮಗೆ ಹೊಳೆಯಿತು.

ಹನ್ನೊಂದು ಗಂಟೆಗೆ ಒಂದು ಜೇಬಿನಲ್ಲಿ ಗಂಟೆ ಬಾರಿಸಿತು, ಮರುನಿಮಿಷ ಇನ್ನೆರಡು ಕಡೆ. ಭಾಷಣಕಾರರು ತಾವಾಗಿ ಮಾತು ನಿಲ್ಲಿಸಿದರು. ಮಾತ್ರೆಯ ಡಬ್ಬಿಗಳು ಹೊರಬಂದವು. ನೀರಿನ ಲೋಟಗಳು ಕೈಯಿಂದ ಕೈಗೆ ಸಾಗಿದವು. ಲೋಟ ಹಿಡಿದ ಕೈಗಳು ನಡುಗುತ್ತಿದ್ದವು. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ. ನಮ್ಮ ಸದಸ್ಯರು ಜೇಬಿನಿಂದ ಬಲಗೈ ತೆಗೆದು ತಮ್ಮ ಮಾತ್ರೆಯನ್ನು ನುಂಗಿದರು. ಆ ಮೇಲೆ ಆ ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಕಾಯಿಲೆಯವರಿಗೆ ಸಭೆಯೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿಲ್ಲ.

ಮಧ್ಯಾಹ್ನ ದನಿಯ ಅಭ್ಯಾಸವಾಯಿತು. ಈ ಕಾಯಿಲೆಯವರು ಗಟ್ಟಿಯಾಗಿ ಮಾತನಾಡುತ್ತಿದ್ದೇವೆಂದೇ ತಿಳಿದಿರುತ್ತಾರೆ. ಕೇಳುವವರಿಗೆ ಮಾತ್ರ ಪಿಸುಮಾತಿನಂತೆ ಕೇಳುತ್ತದೆ. ಬೇಕೆಂದೇ ದನಿಯೇರಿಸಿ ಅಭ್ಯಾಸಮಾಡುವ ಒಂದು ಕ್ರಮಕ್ಕೆ ಅಮೆರಿಕದ ಅರಿಜೋನಾದಲ್ಲಿ ಈ ಕಾಯಿಲೆಯೊಡನೆ ಬಾಳಿದ ಲೀ ಸಿಲ್ವರ್‌ಮನ್ ಎಂಬಾಕೆಯ ಹೆಸರಿದೆ. ಆಕೆಯ ಮಾತು ತಮಗೆ ಕೇಳಿಸಬೇಕೆಂಬುದೇ ಮನೆಯವರ ಆಸೆಯಾಗಿತ್ತಂತೆ. ಅನಂತರ ಹಾಡು, ಹಾಡಿಗೆ ತಕ್ಕ ಹೆಜ್ಜೆ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ೨೦೦೧ರಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡದವರು ಇಂಥ ರೋಗಿಗಳಿಗೆ ನೃತ್ಯದ ತರಗತಿ ಆರಂಭಿಸಿದ ಮೇಲೆ ಇದು ಅನೇಕ ದೇಶಗಳಿಗೆ ಹಬ್ಬಿದೆ. ನಡೆಯಲು ತಡವರಿಸುವವರು ತಾಳ ಕೇಳಿದೊಡನೆ ಹೆಜ್ಜೆ ಹಾಕುವುದನ್ನು ನೋಡಿ ಬೆರಗಾದೆವು. ನಿಯಮಿತವಾದ ವ್ಯಾಯಾಮದಿಂದ ನಡಿಗೆಯೂ ಆಯವೂ ಸುಧಾರಿಸುವುದೆಂದು ವೈದ್ಯರು ಒತ್ತಿ ಹೇಳಿದರು.

ಅದೇ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮನೆಯವರಿಗೆಂದೇ ಬೇರೆ ಬೈಠಕ್ ನಡೆಯಿತು. ರೋಗಿಗಳ ಎದುರಿಗೆ ಹೇಳಲಾಗದ ಆಯಾಸ, ಕೋಪ, ಹಣದ ಚಿಂತೆ ಇವನ್ನೆಲ್ಲ ಅಲ್ಲಿ ಹೇಳಿಕೊಳ್ಳಬಹುದು. ನಮ್ಮ ಸದಸ್ಯರ ಪತ್ನಿ ಆ ತಾಯಿ, ಹೊರಗೆ ಬಂದು, “ನಿದ್ದೆಯಲ್ಲಿ ಇವರು ಕೈ ಬೀಸಿ ಹೊಡೆಯುವುದು ಕಾಯಿಲೆಯಿಂದಲಂತೆ, ಎರಡು ವರ್ಷ ನಾನು ಬೇರೆ ಏನೇನೋ ಅಂದುಕೊಂಡಿದ್ದೆ” ಎಂದಷ್ಟೇ ಹೇಳಿದರು.

ಹೋಗುವ ಮುನ್ನ

ಇಂಥ ಕೂಟಕ್ಕೆ ಹೋಗುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದಾಗಿ, ದಿನದ ಕಾರ್ಯಕ್ರಮವನ್ನು ಮಾತ್ರೆಯ ವೇಳೆಗೆ ಹೊಂದಿಸಿಕೊಳ್ಳಬೇಕೇ ಹೊರತು ಮಾತ್ರೆಯನ್ನು ಕಾರ್ಯಕ್ರಮಕ್ಕಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲಿ ಪ್ರಯಾಣ ಮಾಡಬೇಕು. ಒಂದು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಮಾತ್ರೆ ಕೈಚೀಲದಲ್ಲಿರಲಿ. ಮೊಸರು, ಬೇಳೆ, ಮೊಟ್ಟೆ ಮುಂತಾದ ಸಸಾರಜನಕ ಪದಾರ್ಥಗಳು ಲೆವೊಡೋಪಾ ರಕ್ತಕ್ಕೆ ಸೇರುವುದಕ್ಕೆ ಅಡ್ಡಿಮಾಡಬಲ್ಲವು. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗುವಂತೆ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ವೈದ್ಯರು ಹೇಳಿದ ಕ್ರಮವನ್ನೇ ಅನುಸರಿಸಿ.

ಎರಡನೆಯದಾಗಿ, ಎಲ್ಲ ಭಾಷಣಗಳನ್ನೂ ಕೇಳುತ್ತೇವೆಂಬ ಹಟ ಬೇಡ. ಎರಡು ಆರಿಸಿಕೊಳ್ಳಿ, ನಡುವೆ ವಿಶ್ರಾಂತಿ ತೆಗೆದುಕೊಳ್ಳಿ. ಬಾಗಿಲಿನ ಹತ್ತಿರದ ಕುರ್ಚಿ ಹಿಡಿಯಿರಿ.

ಮೂರನೆಯದಾಗಿ, ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿಯೇ ದಪ್ಪ ಅಕ್ಷರದಲ್ಲಿ ಬರೆಯಿಸಿಕೊಂಡು ಹೋಗಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿಯೂ ಇರಲಿ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನ್ನಾರಿಜಿನ್, ಫ್ಲೂನಾರಿಜಿನ್ ಮಾತ್ರೆಗಳಿಂದ ಕೆಲವರಿಗೆ ಇದೇ ಲಕ್ಷಣಗಳು ತಲೆದೋರುವುದುಂಟು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ. ಹೊಸ ವೈದ್ಯರಲ್ಲಿಗೆ ಹೋದಾಗ “ನನಗೆ ಪಾರ್ಕಿನ್ಸನ್ ಇದೆ” ಎಂದು ಮೊದಲೇ ಹೇಳುವುದು ಲೇಸು. ಬೇರಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೂ ಈ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗಬೇಕು. ಇದಕ್ಕಾಗಿಯೇ ಬ್ರಿಟನ್ನಿನ ಪಾರ್ಕಿನ್ಸನ್ ಸಂಸ್ಥೆ ೨೦೦೬ರಿಂದ ಚಳವಳಿ ನಡೆಸುತ್ತ ಬಂದಿದೆ. ಯಾರ ಮಾತು ಕೇಳಿಯೂ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಅದರಿಂದ ಪ್ರಾಣಾಪಾಯವೂ ಸಂಭವಿಸಬಹುದು.

ನಾಲ್ಕನೆಯದು ಮನಸ್ಸಿಗೆ ಸಂಬಂಧಪಟ್ಟದ್ದು. ಅಲ್ಲಿ ನಿಮಗಿಂತ ಮುಂದಿನ ಹಂತದಲ್ಲಿರುವವರನ್ನು, ಗಾಲಿಕುರ್ಚಿಯಲ್ಲಿರುವವರನ್ನು ನೋಡುತ್ತೀರಿ. “ನಾಳೆ ನನ್ನ ಗತಿಯೂ ಇದೇ” ಎಂದು ಎದೆ ಝಲ್ಲೆನ್ನುವುದು ಸಹಜ. ಈ ಕಾಯಿಲೆ ಇಬ್ಬರಲ್ಲಿ ಒಂದೇ ರೀತಿ ನಡೆಯುವುದಿಲ್ಲವೆಂಬುದನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷದಿಂದ ಕಾಯಿಲೆಯಿದ್ದೂ ತಮ್ಮ ಕಾಲಮೇಲೆ ನಡೆದು ಬಂದವರೂ ಅಲ್ಲಿಯೇ ಸಿಗುತ್ತಾರೆ. ಅವರ ಪಕ್ಕದಲ್ಲಿ ಕುಳಿತು ಮಾತನಾಡಿಸಿ.

ನೌಕರಿಯ ಪ್ರಶ್ನೆ

ಕಚೇರಿಗೆ ಹೇಳಬೇಕೋ ಬೇಡವೋ? ನಮ್ಮ ಸದಸ್ಯರು ಎದ್ದು ನಿಂತು ಕೇಳಿದ ಒಂದೇ ಪ್ರಶ್ನೆ ಇದು. ಸಂಬಳವನ್ನೇ ನಂಬಿ ಪರಸ್ಥಳದಲ್ಲಿ ಬಾಳುವ ನಮಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಕೆಲಸ ಹೋದರೆ ಬಾಡಿಗೆಯ ಮನೆಯೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು.

ಕಾನೂನು ಹೇಳುವುದನ್ನು ತಿಳಿದಿರಬೇಕು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೆಸರಿಸಿಯೇ ಸೇರಿಸಿದ್ದಾರೆ. ಸರಕಾರಿ ಸಂಸ್ಥೆಯ ನೌಕರನಿಗೆ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಆತನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಹುದ್ದೆ ಖಾಲಿಯಿಲ್ಲದಿದ್ದರೆ ಖಾಲಿಯಾಗುವವರೆಗೆ ಅಥವಾ ನಿವೃತ್ತಿಯಾಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಇದು ಕಾಯಿದೆಯ ೨೦ನೆಯ ಕಲಮು. ಖಾಸಗಿ ಕಂಪನಿಗಳಿಗೆ ಈ ಮಾತು ಇಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ಆದರೂ ಸಮಾನ ಅವಕಾಶದ ತಮ್ಮ ನೀತಿಯನ್ನು ಅವೂ ಪ್ರಕಟಿಸಬೇಕೆಂದು ೨೧ನೆಯ ಕಲಮು ವಿಧಿಸುತ್ತದೆ. ಅಂಗವೈಕಲ್ಯ ನೂರಕ್ಕೆ ೪೦ರಷ್ಟು ಅಥವಾ ಹೆಚ್ಚೆಂದು ವೈದ್ಯಾಧಿಕಾರಿಗಳು ಪ್ರಮಾಣಪತ್ರ ಕೊಟ್ಟರೆ ಬೇರೆ ಕೆಲವು ಸೌಲಭ್ಯಗಳಿಗೂ ಅರ್ಹತೆ ಬರುತ್ತದೆ.

ಕೂಟದಲ್ಲಿ ಕೊಟ್ಟ ಸಲಹೆ ಇಷ್ಟು: ಅವಸರದಿಂದ ಹೇಳಬೇಡಿ, ಹೇಳಲೇಬಾರದೆಂದೂ ಹಟ ಹಿಡಿಯಬೇಡಿ. ಮೊದಲು ನರರೋಗ ತಜ್ಞರಿಂದ ಪತ್ರ ಪಡೆಯಿರಿ. ಯಾವ ಕೆಲಸ ಆಗುತ್ತದೆ, ಯಾವುದು ಕಷ್ಟ, ಯಾವ ಸಣ್ಣ ಅನುಕೂಲ ಮಾಡಿಕೊಟ್ಟರೆ ಸಾಕು ಎಂಬುದನ್ನು ಪಟ್ಟಿಮಾಡಿ. ಅನಂತರ ನಂಬಿಕೆಯುಳ್ಳ ಮೇಲಧಿಕಾರಿಗೆ ಬಾಯಿಮಾತಿನಲ್ಲೂ ಬರಹದಲ್ಲೂ ತಿಳಿಸಿ. ಏಕೆಂದರೆ, ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನಾವು ಹೇಳದಿದ್ದರೂ ಕೈ ಹೇಳುತ್ತದೆ. ಕಾಯಿಲೆಯೆಂದು ತಿಳಿಯದ ಜನ ತಡವರಿಸುವ ನಡಿಗೆಯನ್ನು ಕುಡಿತವೆಂದೂ ಬಿಗಿದ ಮುಖವನ್ನು ಸೊಕ್ಕೆಂದೂ ನಿಧಾನವನ್ನು ಸೋಮಾರಿತನವೆಂದೂ ತಿಳಿಯುತ್ತಾರೆ. ಅಂಥ ಅಪವಾದಕ್ಕಿಂತ ಸತ್ಯ ವಾಸಿ.

ನಮ್ಮ ಸದಸ್ಯರು ಈವರೆಗೂ ಕಚೇರಿಯಲ್ಲಿ ಹೇಳಿಲ್ಲ. ತಜ್ಞರ ಪತ್ರವನ್ನು ಮಾತ್ರ ಪಡೆದಿಟ್ಟುಕೊಂಡಿದ್ದಾರೆ. ಯಾವಾಗ ಹೇಳಬೇಕೆಂಬುದನ್ನು ನಿರ್ಧರಿಸಬೇಕಾದವರು ಅವರು, ನಾವಲ್ಲ. ಬ್ಯಾಂಕಿನಲ್ಲಿ ಹೊಸ ರುಜುವಿನ ಮಾದರಿಯನ್ನು ಕೊಟ್ಟುಬಂದಿದ್ದಾರೆ. ಮನೆಯಲ್ಲಿ ಮಕ್ಕಳಿಗೆ ಹೇಳಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇಷ್ಟನ್ನು ಬರೆದಿದ್ದೇವೆ.

ಎಚ್ಚರಿಕೆಯ ಮಾತು

ಜನ ಸೇರಿದಲ್ಲಿ ಸಂತೆ, ಸಂತೆಯಲ್ಲಿ ಸುಳ್ಳು ಸರಕು ಎಂಬುದು ಇಲ್ಲಿಯೂ ನಿಜ. ಸಭೆಯ ಹೊರಗೆ ಚೀಟಿ ಹಂಚುವವರಿರುತ್ತಾರೆ: “ಮೂರು ತಿಂಗಳಲ್ಲಿ ಸಂಪೂರ್ಣ ಗುಣ.” ಪಾರ್ಕಿನ್ಸನ್ನನ್ನು ಸಂಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಕಾಂಡಕೋಶವೆಂಬ ಸ್ಟೆಮ್ ಸೆಲ್‌ಗಳಿಂದ ಇದನ್ನು ವಾಸಿಮಾಡುವ ಸಂಶೋಧನೆ ಹಲವು ದೇಶಗಳಲ್ಲಿ ನಡೆಯುತ್ತಿದೆ. ಆದರೆ ಅದಿನ್ನೂ ಪ್ರಯೋಗದ ಹಂತದಲ್ಲಿರುವುದು. ಒಪ್ಪಿಗೆ ಪಡೆದ ಪ್ರಯೋಗದ ಹೊರತು ಅದನ್ನು ಚಿಕಿತ್ಸೆಯೆಂದು ಮಾರಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಕ್ಕೆ ಸೇರುವವರಿಂದ ಲಕ್ಷಗಟ್ಟಲೆ ಹಣ ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ. ಊರಿನ ಗದ್ದೆ ಮಾರುವ ಮುನ್ನ ನಮ್ಮವರು ಇದನ್ನು ನೆನೆಯಬೇಕು.

ನಸುಗುನ್ನಿಯಲ್ಲಿ ಲೆವೊಡೋಪಾ ಇದೆಯೆಂದು ಮೇಲೆ ಹೇಳಿದ್ದನ್ನು ಓದಿ ಯಾರೂ ಪುಡಿಯನ್ನು ಅಂಗಡಿಯಿಂದ ತಂದು ಚಮಚದಿಂದ ಅಳೆದು ನುಂಗಬಾರದು. ಅದರಲ್ಲಿ ಎಷ್ಟು ಔಷಧವಿದೆಯೆಂಬುದು ಒಂದೊಂದು ಪೊಟ್ಟಣದಲ್ಲೂ ಬೇರೆ. ಮಾತ್ರೆಯ ಜೊತೆಗೆ ಅದೂ ಸೇರಿದರೆ ಪ್ರಮಾಣ ಮೀರುತ್ತದೆ. ಮೆದುಳಿಗೆ ತಂತಿ ಕೂಡಿಸಿ ಸಣ್ಣ ವಿದ್ಯುತ್ತು ಹಾಯಿಸುವ ಶಸ್ತ್ರಚಿಕಿತ್ಸೆಯ ವಿಷಯ ಹಾಗಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಎಂಬ ತಜ್ಞರು ೧೯೮೭ರಲ್ಲಿ ಆರಂಭಿಸಿದ ಈ ಕ್ರಮ ಪರೀಕ್ಷೆಗೆ ನಿಂತದ್ದು. ಆದರೆ ಅದೂ ಗುಣಪಡಿಸುವುದಿಲ್ಲ, ಲಕ್ಷಣಗಳನ್ನು ತಗ್ಗಿಸುತ್ತದೆ, ಎಲ್ಲ ರೋಗಿಗಳಿಗೂ ತಕ್ಕುದಲ್ಲ, ವೆಚ್ಚವೂ ಲಕ್ಷಗಳಲ್ಲಿ.

ನಾವು ಮಾಡಬಹುದಾದುದು

ಈ ಕೂಟಗಳಲ್ಲಿ ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇಲ್ಲವೆ ಆಯಾ ಪ್ರಾಂತದ ಭಾಷೆಯಲ್ಲಿ ನಡೆಯುತ್ತದೆ. ಗಿರಣಿಯಲ್ಲಿ, ಹೋಟೆಲಿನಲ್ಲಿ ಆಯುಷ್ಯ ಸವೆಸಿದ ನಮ್ಮ ಹಿರಿಯರಿಗೆ ಬಜಾರಿನ ಹಿಂದಿ ಬರುತ್ತದೆ, ಮರಾಠಿ ಬರುತ್ತದೆ. ಆದರೆ ಮೈಯ ಸಂಕಟವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕು. ಆದುದರಿಂದ ಇಂಗ್ಲಿಷ್ ಬಲ್ಲ ತರುಣ ಸದಸ್ಯರಲ್ಲಿ ನಮ್ಮ ವಿಜ್ಞಾಪನೆ: ವರ್ಷಕ್ಕೊಂದು ದಿನ ಇಂಥ ಹಿರಿಯರೊಬ್ಬರ ಜೊತೆಗೆ ಹೋಗಿ ಬನ್ನಿ, ಕೇಳಿದ್ದನ್ನು ಕನ್ನಡದಲ್ಲಿ ತಿಳಿಹೇಳಿ.

ವಾಚನಾಲಯದ ಒಳಬಾಗಿಲಿನ ಬಳಿ ಎತ್ತರದ, ಕೈಯೂರಲು ಆಸರೆಯಿರುವ ಎರಡು ಕುರ್ಚಿಗಳನ್ನು ಹಾಕಿಸಿದ್ದೇವೆ. ಕುಳ್ಳ ಬೆಂಚಿನಿಂದ ಏಳಲಾರದವರು ಅವುಗಳಲ್ಲಿ ಕೂಡಬಹುದು. ಹೊಸಲಿನ ಬಳಿ ಹಳದಿ ಪಟ್ಟಿ ಬಳಿಸಿದ್ದೇವೆ. ಅಂಗವೈಕಲ್ಯದ ಪ್ರಮಾಣಪತ್ರದ ಅರ್ಜಿ ತುಂಬಲು ನೆರವು ಬೇಕಾದವರು ಭಾನುವಾರ ಬೆಳಗ್ಗೆ ಗ್ರಂಥಪಾಲರನ್ನು ಕಾಣಬಹುದು. ಮುಂದಿನ ಏಪ್ರಿಲ್ ಕೂಟದ ದಿನ ಗೊತ್ತಾದೊಡನೆ ಫಲಕದಲ್ಲಿ ಹಾಕುತ್ತೇವೆ. ಬರುವವರು ಹೆಸರು ಕೊಟ್ಟರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಜೊತೆಗೆ ಬರಲು ನಾವಿದ್ದೇವೆ.